ವಾರಮ್ ಪರ್ಸಿಯಲ್ಲಿ ಊರು ಎಲ್ಲಿದೆ ಅಂತ ಕೇಳಿದವರಿಗೆ

ಮೇಡಂ, "ಇಂಗ್ಲೆಂಡಿನ ಯಾರ್ಕ್‌ಶೈರ್‌ನ ವಾರಮ್ ಪರ್ಸಿಗೆ ಜುಲೈನಲ್ಲಿ ಹೋಗಿದ್ದೆವು, ಚಾವಣಿ ಇಲ್ಲದ ಚರ್ಚು, ಹುಲ್ಲು ಬಿಟ್ಟರೆ ಏನೂ ಇಲ್ಲ, ಊರು ಎಲ್ಲಿ?" ಅಂತ ಕೇಳಿದ್ದೀರಿ. ಅದು ಐನೂರು ವರ್ಷದ ಹಿಂದೆ ಖಾಲಿಯಾದ ಊರು, ಮನೆಗಳ ಗುರುತೆಲ್ಲ ಈಗ ಹುಲ್ಲಿನಡಿಯ ಸಣ್ಣ ದಿಬ್ಬಗಳು. ನೀವು ಊರಿನ ಮೇಲೇ ನಡೆದು ಬಂದಿದ್ದೀರಿ! ಮೊದಲ ಸಲ ನನಗೂ ಹಾಗೇ ಆಗಿತ್ತು. ಹುಲ್ಲು ಎತ್ತರ, ಬಿಸಿಲು ನೆತ್ತಿ ಮೇಲೆ. ಒಂದಡಿ ದಿಬ್ಬಕ್ಕೆ ನೆರಳೇ ಬೀಳುವುದಿಲ್ಲ. ಚಳಿಗಾಲದಲ್ಲಿ ಹೋಗಿ, ಬಿಸಿಲು ಓರೆಯಾಗಿ ಬಿದ್ದು ದಿಬ್ಬಗಳ ನೆರಳು ಕಾಣುತ್ತದೆ. ಡಿಸೆಂಬರಿನಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಎರಡು ಗಂಟೆಗೆಲ್ಲ ಅಲ್ಲಿರಿ.

ಚರ್ಚಿನಿಂದ ಮೇಲಿನ ಬಯಲಿಗೆ ಹತ್ತಿ. ಉದ್ದಕ್ಕೆ ಸವೆದ ತಗ್ಗು ಕಂಡರೆ ಅದು ದಾರಿ. ಜನ, ದನ, ಗಾಡಿ ತುಳಿದು ತುಳಿದು ತಗ್ಗಾದದ್ದು. ಪಕ್ಕದಲ್ಲಿ ಗಿಡ್ಡ ಬದುಗಳ ನಡುವಿನ ಚೌಕಗಳು ಮನೆ ಜಾಗ. ಹಿಂದಕ್ಕೆ ಉದ್ದವಾಗಿ ಹೋಗುವ ಪಟ್ಟಿ ಹಿತ್ತಲು. ಒಂದು ಬದು ಹಿಡಿದು ಕೊನೆಯವರೆಗೆ ನಡೆಯಿರಿ, ಆಮೇಲೆ ಪಕ್ಕದ ಮನೆಯದ್ದು ತಾನಾಗಿ ಕಾಣುತ್ತದೆ.

ಚರ್ಚನ್ನು ಸುಮ್ನೆ ಫೋಟೋ ತೆಗೆದು ಬಿಡಬೇಡಿ. ಗೋಡೆಯಲ್ಲಿ ಕಲ್ಲು ತುಂಬಿ ಮುಚ್ಚಿದ ಕಮಾನುಗಳಿವೆ. ಜನ ಹೆಚ್ಚಿದಾಗ ಪಕ್ಕಕ್ಕೆ ಕಟ್ಟಿ ಹಿಗ್ಗಿಸಿದರು, ಕಡಿಮೆಯಾದಾಗ ಆ ಭಾಗ ಕೆಡವಿ ಕಮಾನು ಮುಚ್ಚಿದರು. ಗೋಪುರ ಅರ್ಧ ಬಿದ್ದದ್ದು ಮಾತ್ರ 1959ರಲ್ಲಿ.

ಪ್ಲೇಗಿನಿಂದ ಊರು ಖಾಲಿಯಾಯಿತು ಅಂತ ಕೆಲವರು ಹೇಳುತ್ತಾರೆ. ಅಷ್ಟು ಸುಲಭ ಅಲ್ಲ. 1348–49ರ ಪ್ಲೇಗು ಜನರನ್ನು ಕೊಂದಿತು ನಿಜ, ಆದರೆ ಊರು ಮತ್ತೆ ನೂರೈವತ್ತು ವರ್ಷ ಉಳಿಯಿತು. ಆಮೇಲೆ ಒಕ್ಕಲಿಗಿಂತ ಉಣ್ಣೆಯಲ್ಲೇ ಜಾಸ್ತಿ ಲಾಭ ಅಂತ ಜಮೀನ್ದಾರರಿಗೆ ಅನ್ನಿಸಿತು. 1500ರ ಆಸುಪಾಸಿಗೆ ಕೊನೆಯ ಮನೆಗಳನ್ನೂ ಬಿಡಿಸಿ ಕುರಿ ಬಿಟ್ಟರು. ನಮ್ಮ ಕಂದಾಯ ದಾಖಲೆಯಲ್ಲಿ ಇಂಥ ಊರಿಗೆ ಬೇಚರಾಕ್ ಅಂತಾರಲ್ಲ, ದೀಪ ಇಲ್ಲದ ಊರು, ಅದೇ. ಇತಿಹಾಸಕಾರ ಮಾರಿಸ್ ಬೆರೆಸ್‌ಫರ್ಡ್, ಪುರಾತತ್ವಜ್ಞ ಜಾನ್ ಹರ್ಸ್ಟ್ 1950ರಿಂದ 1990ರವರೆಗೆ ಬೇಸಿಗೆ ಬೇಸಿಗೆಗೆ ಇಲ್ಲಿ ಅಗೆದರು. ಇಂಗ್ಲೆಂಡಿನಲ್ಲಿ ಇಂಥ ಊರು ಮೂರು ಸಾವಿರದ ಮೇಲಿವೆ.

ಉಳುಮೆ ಗುರುತು ನೋಡುವ ಆಸೆ ಇದ್ದರೆ ಇಂಗ್ಲೆಂಡಿನ ನಡುಭಾಗ, ಮಿಡ್‌ಲ್ಯಾಂಡ್ಸ್ ಕಡೆ ಹೋಗಿ. ಹುಲ್ಲುಗಾವಲಿನಲ್ಲಿ ಅಲೆ ಅಲೆಯಾಗಿ ಏರಿ ಇಳಿದಿರುತ್ತದೆ. ಸಾಲುಗಳು ಕೊನೆಯಲ್ಲಿ ಬಾಗಿರುತ್ತವೆ, ಯಾಕೆಂದರೆ ಒಂದರ ಹಿಂದೊಂದು ಕಟ್ಟಿದ ಎತ್ತಿನ ಜೋಡಿಗಳ ಉದ್ದ ಸಾಲನ್ನು ತಿರುಗಿಸಲು ಮೊದಲೇ ಓರೆ ಹಿಡಿಯಬೇಕಿತ್ತು. ಹೊಲ ಉತ್ತವರಿಗೆ ಹೇಳಬೇಕಿಲ್ಲ, ಅಲ್ವಾ?

ವಾರಮ್‌ಗೆ ಕಾರು ನಿಲ್ಲಿಸಿ ಒಂದು ಕಿಲೋಮೀಟರಿಗೂ ಹೆಚ್ಚು ಇಳಿಜಾರಿನ ಕೆಸರು ದಾರಿ. ಬೂಟು ಬೇಕೇ ಬೇಕು. ಟಿಕೆಟ್ ಇಲ್ಲ, ಅಂಗಡಿಯೂ ಇಲ್ಲ, ಬುತ್ತಿ ಕಟ್ಟಿಕೊಳ್ಳಿ. ಮೆಟಲ್ ಡಿಟೆಕ್ಟರ್ ಇದ್ದರೆ ಮನೆಯಲ್ಲೇ ಇರಲಿ. ರಕ್ಷಿತ ಜಾಗ, ಅನುಮತಿ ಇಲ್ಲದೆ ಬಳಸಿದರೆ ಅಪರಾಧ.