ಮಕ್ಕಳು ಬೇಡ ಅಂದ್ರೆ ಗುನಾ (ಪಾಪ) ಆಗುತ್ತಾ?

ಪ್ರಶ್ನೆ: ಅಕ್ಕಾ, ನಮ್ದು ತೀರ್ಥಹಳ್ಳಿ ಹತ್ರ. ನಾನೂ ನಮ್ಮನೆಯವ್ರೂ ತುಂಬಾ ಯೋಚ್ನೆ ಮಾಡಿ ಮಕ್ಕಳು ಬೇಡ ಅಂತ ಡಿಸೈಡ್ ಮಾಡಿದೀವಿ. ಅತ್ತೆಗೆ ಹೇಳಿದಾಗಿಂದ, ಅಡಿಕೆ ಸುಲಿಯೋಕೆ ಮೆಟ್ಟುಗತ್ತಿ ಮುಂದೆ ಕೂತ್ರೂ ಅದೇ ಮಾತು, ಅಕ್ಕಪಕ್ಕದ ಹೆಂಗಸ್ರ ಎದುರೇ 'ಇದು ಹರಾಮ್, ಮತ್ಯಾಕೆ ನಿಕಾಹ್ ಆಗಿದ್ದು' ಅಂತಾರೆ. ಆಪರೇಷನ್ ಮಾಡಿಸ್ಕೊಂಡ್ಬಿಡ್ಲಾ ಅನ್ಸ್ತಿದೆ. ನಿಜವಾಗ್ಲೂ ಗುನಾ ಆಗುತ್ತಾ?
– ಹೆಸರು ಬೇಡ

ಉತ್ತರ: ತಂಗಿ, ಮಕ್ಕಳು ಅಲ್ಲಾಹನ ಕೊಡುಗೆ, ಸಂತಾನ ಬೆಳೀಲಿ ಅನ್ನೋದಕ್ಕೆ ಇಸ್ಲಾಮಲ್ಲಿ ತುಂಬಾ ಪ್ರೋತ್ಸಾಹ ಇದೆ, ಅದನ್ನ ಇಲ್ಲ ಅನ್ನಕ್ಕಾಗಲ್ಲ. ಆದ್ರೆ ಪ್ರೋತ್ಸಾಹ ಬೇರೆ, ಕಡ್ಡಾಯ ಬೇರೆ. ಕುರ್‌ಆನ್ ಇಳೀತಿದ್ದ ಕಾಲದಲ್ಲೇ ನಾವು ಅಝ್ಲ್ ಮಾಡ್ತಿದ್ವಿ, ಅಂದ್ರೆ ಗರ್ಭ ನಿಲ್ಲದಂಗೆ ಗಂಡ ಎಚ್ಚರ ವಹಿಸೋದು, ಅಂತ ಸಹಾಬಿ, ಅಂದ್ರೆ ಪ್ರವಾದಿಯವರ ಒಡನಾಡಿ, ಜಾಬಿರ್ ಹೇಳಿದ್ದು ಬುಖಾರಿ, ಮುಸ್ಲಿಂ ಅನ್ನೋ ಎರಡೂ ಹದೀಸ್ ಗ್ರಂಥಗಳಲ್ಲಿ (ಪ್ರವಾದಿಯವರ ನಡೆ-ನುಡಿಯ ಸಂಗ್ರಹಗಳಲ್ಲಿ) ಇದೆ. ಅದಕ್ಕೂ ಹೆಂಡ್ತಿ ಒಪ್ಪಿಗೆ ಬೇಕು ಅಂದ ಫಿಕ್ಹ್ (ಇಸ್ಲಾಮಿಕ್ ಧರ್ಮಶಾಸ್ತ್ರ) ಪಂಡಿತರೇ ಜಾಸ್ತಿ, ಇದು ನಂಗೆ ಬಹಳ ದೊಡ್ಡ ಮಾತು ಅನ್ಸುತ್ತೆ. 1111ರಲ್ಲಿ ತೀರಿಕೊಂಡ ದೊಡ್ಡ ಧರ್ಮಪಂಡಿತ ಇಮಾಮ್ ಗಝಾಲಿ ಕೂಡ ಅಝ್ಲನ್ನ ಹರಾಮ್ ಅನ್ನಲಿಲ್ಲ, ಹೆಚ್ಚು ಒಳ್ಳೇದನ್ನ ಬಿಟ್ಟಂಗೆ ಅಷ್ಟೇ ಅಂದ್ರು. 'ಬಡತನಕ್ಕೆ ಹೆದರಿ ಮಕ್ಕಳನ್ನ ಕೊಲ್ಲಬೇಡಿ' ಅನ್ನೋ ಕುರ್‌ಆನಿನ 17:31ನೇ ಆಯತ್ತನ್ನ (ವಚನವನ್ನ) ಯಾರಾದ್ರೂ ಹೇಳಿದ್ರೆ, ಅದು ಹುಟ್ಟಿದ ಮಕ್ಕಳನ್ನ ಕೊಲ್ತಿದ್ದ ಪದ್ಧತಿ ಬಗ್ಗೆ. ಇನ್ನು ನಿಕಾಹ್ ಯಾಕೆ ಅಂದ್ರೆ, 30:21ರಲ್ಲಿ ಜೋಡಿ ಮಾಡಿದ್ದು ನೆಮ್ಮದಿಗೆ, ಮಧ್ಯೆ ಅಲ್ಲಾಹ್ ಪ್ರೀತಿ ಕರುಣೆ ಇಟ್ಟಿದ್ದಾನೆ ಅಂತಿದೆ, ಅಲ್ಲಿ ಮಕ್ಕಳ ಮಾತೇ ಇಲ್ಲ ನೋಡಿ.

ಆಪರೇಷನ್ ಮಾತ್ರ ಬೇರೆ. ಆರೋಗ್ಯದ ಕಾರಣ ಇಲ್ದೆ ಶಾಶ್ವತವಾಗಿ ಮಾಡಿಸ್ಕೊಳ್ಳೋದನ್ನ ಬಹುಪಾಲು ಉಲೆಮಾಗಳು (ಧರ್ಮಪಂಡಿತರು) ಒಪ್ಪಲ್ಲ. ದೀನ್ (ಧರ್ಮ) ಪ್ರಕಾರ ನಡೀಬೇಕು ಅನ್ನೋದು ನಿಮ್ಮ ಮನಸಲ್ಲಿದ್ರೆ, ಬೇಡ ಅಂದಾಗ ನಿಲ್ಲಿಸಬಹುದಾದ ವಿಧಾನ ಯಾವ್ದು ಅಂತ ಲೇಡಿ ಡಾಕ್ಟರ್ ಹತ್ರ ಕೇಳಿ, ಅತ್ತೆ ಮೇಲಿನ ಸಿಟ್ಟಲ್ಲಿ ಆಪರೇಷನ್ ಬೇಡ.

ಕಾನೂನು ನಿಮ್ಮ ಕಡೆ ಇದೆ. ಹೆರೋದು ಹೆಂಗೋ ಹೆರದೇ ಇರೋದೂ ಹಂಗೇ, ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯಕ್ಕೆ ಸೇರುತ್ತೆ ಅಂತ ಸುಪ್ರೀಂ ಕೋರ್ಟ್ 2009ರಲ್ಲಿ ಸುಚಿತಾ ಶ್ರೀವಾಸ್ತವ ಕೇಸಲ್ಲಿ ಹೇಳಿದೆ. ಎಷ್ಟು ಮಕ್ಕಳು, ಯಾವಾಗ ಅನ್ನೋದ್ರಲ್ಲಿ ಹೆಣ್ಣಿಗೆ ಸಮಾನ ಹಕ್ಕು ಅಂತ ವಿಶ್ವಸಂಸ್ಥೆಯ 1979ರ ಮಹಿಳಾ ಒಪ್ಪಂದದ 16ನೇ ವಿಧಿಯಲ್ಲಿದೆ, ಭಾರತವೂ 1993ರಲ್ಲಿ ಆ ಒಪ್ಪಂದಕ್ಕೆ ಸೇರಿದೆ, ಆದ್ರೆ ಈ ವಿಧಿ ವಿಷಯದಲ್ಲಿ ಯಾವ ಸಮುದಾಯದ ಸ್ವಂತ ವ್ಯವಹಾರಕ್ಕೂ ಅವರ ಒಪ್ಪಿಗೆ ಇಲ್ದೆ ಕೈ ಹಾಕಲ್ಲ ಅಂತ ಹೇಳ್ಕೊಂಡಿದೆ. ಒಂಬತ್ತು ತಿಂಗಳು ಹೊರೋದು ನಿಮ್ಮ ಮೈ, ಅಕ್ಕಪಕ್ಕದವ್ರದ್ದಲ್ಲ.

ಒಂದೇ ಒಂದು ಕೇಳ್ತೀನಿ, ಇಬ್ರೂ ಡಿಸೈಡ್ ಮಾಡಿದ್ದು ಅಂದ್ರಲ್ಲ, ಹಂಗಿದ್ರೆ ಅತ್ತೆ ಬೈಗುಳ ನಿಮಗೊಬ್ರಿಗೇ ಯಾಕೆ? 'ಅಮ್ಮಾ, ಇದು ನಂದೂ ತೀರ್ಮಾನ, ಅವಳನ್ನ ಏನೂ ಕೇಳ್ಬೇಡ' ಅಂತ ನಿಮ್ಮನೆಯವ್ರೇ ಅವರಮ್ಮನ ಹತ್ರ, ಆ ಹೆಂಗಸ್ರೂ ಇರೋವಾಗ್ಲೇ, ಬಾಯಿಬಿಟ್ಟು ಹೇಳ್ಲಿ.