ಹಿಮ್ಮಡಿ ನೋವಿಗೆ ವಿಶ್ರಾಂತಿ ಸಾಕಾ, ಭಾರ ಎತ್ತಬೇಕಾ?

ಪ್ರಶ್ನೆ: ನನಗೆ 41 ವರ್ಷ. ಮೂರು ವರ್ಷದಿಂದ ಓಡುತ್ತಿದ್ದೇನೆ. ಬಲಗಾಲಿನಲ್ಲಿ ಹಿಮ್ಮಡಿಯಿಂದ ಮೂರು ಬೆರಳು ಮೇಲೆ, ಆ ದಪ್ಪ ನರದಲ್ಲಿ ನೋವು. ಬೆಳಿಗ್ಗೆ ಎದ್ದು ಮೊದಲ ಹತ್ತು ಹೆಜ್ಜೆ ಇಡುವುದೇ ಕಷ್ಟ. ಎರಡು ತಿಂಗಳು ಓಟ ಪೂರ್ತಿ ಬಿಟ್ಟೆ, ನೋವು ಹೋಯಿತು. ಮತ್ತೆ ಮೊದಲಿನಷ್ಟೇ ಓಡಲು ಶುರು ಮಾಡಿದೆ, ಎರಡನೇ ವಾರಕ್ಕೇ ವಾಪಸ್ ಬಂತು. ಭಾರ ಹೊತ್ತು ವ್ಯಾಯಾಮ ಮಾಡಿ ಎನ್ನುತ್ತಾರೆ ಒಬ್ಬರು. ಇಂಜೆಕ್ಷನ್ ಹಾಕಿಸಿ ಎನ್ನುತ್ತಾರೆ ಇನ್ನೊಬ್ಬರು. ನೋಯುವ ನರಕ್ಕೆ ಭಾರ ಕೊಟ್ಟರೆ ಹರಿದು ಹೋಗುವುದಿಲ್ಲವೇ? ಕೊಲಾಜನ್ ಪುಡಿಯಿಂದ ಉಪಯೋಗ ಇದೆಯಾ? ಇನ್ನು ಒಂಬತ್ತು ವಾರಕ್ಕೆ 10 ಕಿ.ಮೀ. ಓಟವಿದೆ, ಹೆಸರು ಕೊಟ್ಟಾಗಿದೆ.
– ಓದುಗರು, ದಾವಣಗೆರೆ

ಉತ್ತರ: ನಮ್ಮ ಕಡೆ ಎಲ್ಲರೂ ‘ನರ’ ಎಂದೇ ಹೇಳುವುದು. ಆದರೆ ನೋಯುತ್ತಿರುವುದು ನರ ಅಲ್ಲ, ಟೆಂಡನ್. ಪಠ್ಯಪುಸ್ತಕದ ಮಾತಿನಲ್ಲಿ ಸ್ನಾಯುರಜ್ಜು. ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟಿರುವ ಈ ಹಗ್ಗಕ್ಕೆ ಅಕಿಲಿಸ್ ಎಂದು ಹೆಸರು. ಮೈಯಲ್ಲಿರುವ ಟೆಂಡನ್‌ಗಳಲ್ಲೇ ದಪ್ಪನೆಯದು, ಗಟ್ಟಿಯಾದದ್ದು. ಹಗ್ಗಕ್ಕಿಂತ ಸ್ಪ್ರಿಂಗ್ ಎಂದರೆ ಇನ್ನೂ ಸರಿ. ಕಾಲು ನೆಲಕ್ಕೆ ಬಿದ್ದಾಗ ಹಿಗ್ಗುತ್ತದೆ, ನೆಲ ಬಿಡುವಾಗ ಕುಗ್ಗಿ ನಿಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಓಡುವಾಗ ಇದರ ಮೇಲೆ ದೇಹದ ತೂಕದ ಆರೇಳು ಪಟ್ಟು ಎಳೆತ ಬೀಳುತ್ತದೆ.

ಎರಡು ತಿಂಗಳು ಆ ಎಳೆತ ಇರಲಿಲ್ಲ, ಅದಕ್ಕೇ ನೋವೂ ಇರಲಿಲ್ಲ. ಆದರೆ ಸುಮ್ನೆ ಕೂತರೆ ಟೆಂಡನ್ ಗಟ್ಟಿಯಾಗುವುದಿಲ್ಲ. ಮೀನಖಂಡವೂ ಸೊರಗುತ್ತದೆ. ಸೊರಗಿದ ಕಾಲಿನ ಮೇಲೆ ಹಳೆಯ ದೂರ ಹೇರಿದಿರಿ, ಅಲ್ವಾ?

ಟೆಂಡನ್ ಎಷ್ಟು ನಿಧಾನದ ವಸ್ತು ಎಂದು ತಿಳಿದರೆ ತಾಳ್ಮೆ ತಾನಾಗೇ ಬರುತ್ತದೆ. 1955ರಿಂದ 1963ರವರೆಗೆ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಜಾಸ್ತಿಯಾಗಿತ್ತು. ಅದು ಆಹಾರದ ಮೂಲಕ ಆಗ ಬೆಳೆಯುತ್ತಿದ್ದವರ ಮೈ ಸೇರಿತು. 2013ರಲ್ಲಿ ಡೆನ್ಮಾರ್ಕ್‌ನ ಸಂಶೋಧಕರು ಆ ಗುರುತನ್ನು ಅಕಿಲಿಸ್ ಟೆಂಡನ್‌ನಲ್ಲಿ ಹುಡುಕಿದರು. ಒಳಗಿನ ತಿರುಳು ಸುಮಾರು 17 ವರ್ಷದೊಳಗೆ ಕಟ್ಟಿಕೊಳ್ಳುತ್ತದೆ, ಆಮೇಲೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ ಎಂದು ಗೊತ್ತಾಯಿತು. ಅಂದರೆ ನೀವು ಪಿಯುಸಿ ಓದುವಾಗ ಇದ್ದ ತಿರುಳೇ ಇವತ್ತೂ ನಿಮ್ಮನ್ನು ಓಡಿಸುತ್ತಿದೆ. ನನಗಂತೂ ಇದನ್ನು ನೆನೆದಾಗಲೆಲ್ಲ ಅಚ್ಚರಿಯಾಗುತ್ತದೆ.

ಇನ್ನು ಭಾರದ ಮಾತು. ನಿಧಾನವಾಗಿ ಹಿಮ್ಮಡಿ ಎತ್ತಿ ಇಳಿಸುವಾಗ ಬೀಳುವ ಎಳೆತ ಓಟದ ಎಳೆತಕ್ಕಿಂತ ಕಡಿಮೆ. ಹೆದರಬೇಡಿ. 1998ರಲ್ಲಿ ಸ್ವೀಡನ್‌ನ ವೈದ್ಯ ಹೋಕನ್ ಆಲ್ಫ್ರೆಡ್ಸನ್ 15 ಓಟಗಾರರಿಗೆ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಇಳಿಸುವ ವ್ಯಾಯಾಮ ಕೊಟ್ಟರು. ದಿನಕ್ಕೆ 180 ಸಲ, 12 ವಾರ. ಅಷ್ಟೂ ಜನ ಓಟಕ್ಕೆ ಮರಳಿದರು. ಆಮೇಲಿನ ಎಲ್ಲ ಅಧ್ಯಯನಗಳಲ್ಲೂ ಇಷ್ಟು ಒಳ್ಳೆಯ ಫಲ ಸಿಕ್ಕಿಲ್ಲ, ಆದರೆ ದಾರಿ ತೋರಿಸಿದ್ದು ಅದೇ. 2015ರಲ್ಲಿ ಡೆನ್ಮಾರ್ಕ್‌ನಲ್ಲಿ 58 ಜನರ ಮೇಲೆ ಇನ್ನೊಂದು ಪದ್ಧತಿ ನೋಡಿದರು: ವಾರಕ್ಕೆ ಮೂರೇ ದಿನ, ಜಾಸ್ತಿ ಭಾರ, ನಿಧಾನ. ಫಲ ಅಷ್ಟೇ ಚೆನ್ನಾಗಿತ್ತು, ಸಮಯ ಬಹಳ ಕಡಿಮೆ ಹಿಡಿಯಿತು. ಕೆಲಸಕ್ಕೆ ಹೋಗುವವರಿಗೆ ನಾನು ಇದನ್ನೇ ಹೇಳುವುದು.

ಮೂರು ಎಣಿಸುತ್ತಾ ಹಿಮ್ಮಡಿ ಎತ್ತಿ, ಮೂರು ಎಣಿಸುತ್ತಾ ಇಳಿಸಿ. ಮೊದಲ ವಾರ ಹದಿನೈದು ಸಲ, ಮೂರು ಸುತ್ತು. ಸುಲಭ ಅನಿಸಿದ ಮೇಲೆ ಭಾರ ಹೆಚ್ಚಿಸಿ, ಸಂಖ್ಯೆ ಇಳಿಸಿ. ಜಿಮ್ ಇಲ್ಲದಿದ್ದರೆ ಬೆನ್ನಿನ ಬ್ಯಾಗಿನಲ್ಲಿ ಐದು ಕಿಲೋ, ಆಮೇಲೆ ಹತ್ತು ಕಿಲೋ ಅಕ್ಕಿ. ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಭಾರ ಇಟ್ಟೂ ಮಾಡಿ. ಮಂಡಿ ಮಡಚಿದಾಗ ಮೀನಖಂಡದ ಒಳಗಿನ ಸ್ನಾಯುವಿಗೆ ಕೆಲಸ ಜಾಸ್ತಿ. ವ್ಯಾಯಾಮದಲ್ಲಿ ಸ್ವಲ್ಪ ನೋವು ಇರಬಹುದು. ಹತ್ತಕ್ಕೆ ಐದರೊಳಗಿದ್ದು, ಮರುದಿನ ಬೆಳಿಗ್ಗೆಗೆ ಇಳಿದಿದ್ದರೆ ಸರಿ. ಈ ಅಳತೆಯೊಳಗೆ ಓಡುತ್ತಲೇ ಇದ್ದವರೂ ಓಟ ಬಿಟ್ಟವರಷ್ಟೇ ಸುಧಾರಿಸಿದರು ಎಂದು 2007ರ ಸ್ವೀಡನ್ ಅಧ್ಯಯನ ತೋರಿಸಿದೆ. ಹಾಗಾಗಿ ಓಟ ಪೂರ್ತಿ ಬಿಡಬೇಕಿಲ್ಲ.

ಸ್ಟೀರಾಯ್ಡ್ ಇಂಜೆಕ್ಷನ್ ನಾನು ಒಪ್ಪುವುದಿಲ್ಲ. ಮಂಡಿಯ ಟೆಂಡನ್ ಮೇಲಿನ 2009ರ ಅಧ್ಯಯನದಲ್ಲಿ 12 ವಾರಕ್ಕೆ ಆರಾಮ ಕಂಡಿತು, ಆರು ತಿಂಗಳಿಗೆ ಆ ಲಾಭ ಕರಗಿತ್ತು. ಭಾರ ಎತ್ತಿದವರ ಲಾಭ ಉಳಿಯಿತು. ಕೊಲಾಜನ್ ಪುಡಿಯ ವಿಷಯ ಚಿಕ್ಕದು. ಕೊಲಾಜನ್ ಎಂದರೆ ಟೆಂಡನ್ ಕಟ್ಟುವ ಪ್ರೋಟೀನ್, ಜೆಲಟಿನ್ ಅದರಿಂದಲೇ ತಯಾರಾಗುವ ಪುಡಿ. 2017ರಲ್ಲಿ ಎಂಟು ಯುವಕರು ವಿಟಮಿನ್ ಸಿ ಜೊತೆ 15 ಗ್ರಾಂ ಜೆಲಟಿನ್ ಕುಡಿದು ಸ್ಕಿಪ್ಪಿಂಗ್ ಮಾಡಿದರು. ಕೊಲಾಜನ್ ತಯಾರಾಗುವ ಗುರುತು ರಕ್ತದಲ್ಲಿ ಏರಿತು. ಅಲ್ಲಿ ನೋವು ಅಳೆದಿಲ್ಲ. ಆ ದುಡ್ಡು ಉಳಿಸಿ.

‘ಟಪ್’ ಎಂದು ಸದ್ದಾಗಿ ಹಿಂದಿನಿಂದ ಯಾರೋ ಒದ್ದ ಹಾಗೆ ಅನಿಸಿದರೆ ಅದೇ ದಿನ ವೈದ್ಯರ ಬಳಿ ಹೋಗಿ. ಇತ್ತೀಚೆಗೆ ಸಿಪ್ರೋಫ್ಲಾಕ್ಸಾಸಿನ್ ಥರದ ಆಂಟಿಬಯೋಟಿಕ್ ತೆಗೆದುಕೊಂಡಿದ್ದರೆ ಅವರಿಗೆ ಈಗಲೇ ಹೇಳಿ, ಆ ಮಾತ್ರೆಗಳಿಂದ ಟೆಂಡನ್ ಹರಿಯುವ ಅಪಾಯ ಹೆಚ್ಚುತ್ತದೆ.

10 ಕಿ.ಮೀ. ಓಟವನ್ನು ಈಗಲೇ ಬಿಡಬೇಡಿ, ಮಾತೂ ಕೊಡಬೇಡಿ. ಆರನೇ ವಾರದ ಕೊನೆಗೆ 5 ಕಿ.ಮೀ. ನಿಧಾನವಾಗಿ ಓಡಿ. ಮರುದಿನ ಬೆಳಿಗ್ಗೆ ಆ ಮೊದಲ ಹತ್ತು ಹೆಜ್ಜೆ ಹೇಗಿದ್ದವು ಎಂದು ನನಗೆ ಬರೆಯಿರಿ.