ಮೂರನೇ ತಲೆಮಾರಿಗೆ ಅಂಗಡಿ ಮುಚ್ಚಲೇಬೇಕಾ?

ಪ್ರಶ್ನೆ: ತಾತ ಶುರು ಮಾಡಿದ ಹಾರ್ಡ್‌ವೇರ್ ಅಂಗಡಿ ನಮ್ಮದು. ಅಪ್ಪನ ನಂತರ ಗಲ್ಲಾದಲ್ಲಿ ಕೂರುವುದು ನಾನೇ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಜಿಎಸ್‌ಟಿ, ಲೆಕ್ಕ, ಸಾಲ ವಸೂಲಿ ಎಲ್ಲಾ ಅಕ್ಕ ನೋಡುತ್ತಾಳೆ. ಪಾಲು ಇದ್ದರೂ ಅಂಗಡಿ ಕಡೆ ಬಾರದ ಚಿಕ್ಕಪ್ಪ, ‘ಕುಟುಂಬದ ವ್ಯಾಪಾರ ಮೂರನೇ ತಲೆಮಾರು ದಾಟುವುದು ನೂರಕ್ಕೆ 13 ಮಾತ್ರ, ಸಂಶೋಧನೆ ಹೇಳಿದೆ, ಮಾರೋಣ’ ಅಂತ ವಾಟ್ಸಾಪ್ ಕಳಿಸಿದ್ದಾರೆ. ನಿಜವಾ?
– ಓದುಗ, ದಾವಣಗೆರೆ

ಉತ್ತರ: 13 ಅನ್ನುವುದು ಸುಳ್ಳು ಲೆಕ್ಕ ಅಲ್ಲ. ಆದರೆ ಅದು ಯಾವ ಊರಿನ ಲೆಕ್ಕ ಅಂತ ಯಾರೂ ಫಾರ್ವರ್ಡ್ ಮಾಡಲ್ಲ ನೋಡಿ. ಅಮೆರಿಕದ ಪ್ರೊಫೆಸರ್ ಜಾನ್ ವಾರ್ಡ್ 1987ರ ಪುಸ್ತಕದಲ್ಲಿ ಕೊಟ್ಟಿದ್ದು ಅದು. ಅವರು ನೋಡಿದ್ದು ಇಲಿನಾಯ್ ರಾಜ್ಯದ 200 ತಯಾರಿಕಾ ಕಂಪನಿಗಳನ್ನು, 1924ರಿಂದ 1984ರವರೆಗೆ. 60 ವರ್ಷ, ಅಂದರೆ ಸುಮಾರು ಮೂರು ತಲೆಮಾರು, ಕಳೆದ ಮೇಲೂ ಅದೇ ಮನೆಯವರ ಕೈಯಲ್ಲಿ ಇದ್ದವು ನೂರಕ್ಕೆ 13. ಬೇರೆಯವರಿಗೆ ಮಾರಿ ಚೆನ್ನಾಗಿ ನಡೆಯುತ್ತಿದ್ದ ಕಂಪನಿ ಕೂಡ ಈ 13ರಲ್ಲಿ ಸೇರಿಲ್ಲ. ಕುಟುಂಬದ್ದಲ್ಲದ ಕಂಪನಿಗಳು 60 ವರ್ಷ ಎಷ್ಟು ಬಾಳುತ್ತವೆ ಅಂತ ಪಕ್ಕಕ್ಕಿಟ್ಟು ನೋಡದೆ, 13 ಜಾಸ್ತಿಯೋ ಕಮ್ಮಿಯೋ ಹೇಗೆ ಹೇಳೋದು?

ನಿಮಗೆ ಬೇಕಾದ ಅಧ್ಯಯನ ಬೇರೆ ಇದೆ, 2007ರದ್ದು, ಡೆನ್ಮಾರ್ಕ್‌ನದ್ದು. ಪಟ್ಟ ಮನೆಯವರಿಗೇ ಹೋದರೆ ಏನಾಗುತ್ತದೆ ಅಂತ, ಕಂಪನಿಗಳ ಮುಖ್ಯಸ್ಥರು ಬದಲಾದ 5 ಸಾವಿರಕ್ಕೂ ಹೆಚ್ಚು ಪ್ರಸಂಗ ನೋಡಿದರು. ಇದರಲ್ಲೊಂದು ಜಾಣ ಉಪಾಯ ಇತ್ತು. ಇಳಿಯುವ ಯಜಮಾನರ ಮೊದಲ ಮಗು ಗಂಡಾಗಿದ್ದರೆ ಪಟ್ಟ ಮನೆಯೊಳಗೇ ಉಳಿಯುವುದು ಜಾಸ್ತಿ (ಅಲ್ಲೂ ಹಾಗೇ ಅಂತಾಯ್ತು!), ಆದರೆ ಹುಟ್ಟುವ ಮಗು ಗಂಡೋ ಹೆಣ್ಣೋ ಅನ್ನುವುದಕ್ಕೂ ಕಂಪನಿ ಮೊದಲೇ ಹೇಗೆ ನಡೆಯುತ್ತಿತ್ತು ಅನ್ನುವುದಕ್ಕೂ ಸಂಬಂಧ ಇಲ್ಲವಲ್ಲ, ಹಾಗಾಗಿ ವ್ಯತ್ಯಾಸ ಬಂದರೆ ಅದು ಪಟ್ಟ ಯಾರಿಗೆ ಹೋಯಿತು ಅನ್ನುವುದರಿಂದಲೇ. ಮನೆಯವರೇ ಕೂತ ಕಡೆ ಆಸ್ತಿಯ ಮೇಲಿನ ಲಾಭದ ದರ ಕನಿಷ್ಠ 4 ಪರ್ಸೆಂಟೇಜ್ ಪಾಯಿಂಟ್ ಕುಸಿದಿತ್ತು, ಅಂದರೆ ನೂರು ರೂಪಾಯಿ ಆಸ್ತಿಗೆ ಬರುವ ಲಾಭ 4 ರೂಪಾಯಿಯಷ್ಟಾದರೂ ಕಮ್ಮಿ.

ಜಪಾನಿನವರು ಇದಕ್ಕೆ ದಾರಿ ಹುಡುಕಿಕೊಂಡಿದ್ದಾರೆ. ಸಮರ್ಥ ಹುಡುಗನನ್ನು ಅಳಿಯ ಮಾಡಿಕೊಂಡು, ದತ್ತು ತಗೊಂಡು, ಮನೆ ಹೆಸರನ್ನೇ ಕೊಟ್ಟುಬಿಡುತ್ತಾರೆ. ಮಾರುತಿ ಕಾರಿನಿಂದ ನಮಗೆಲ್ಲ ಗೊತ್ತಿರುವ ಒಸಾಮು ಸುಝುಕಿ ಹಾಗೆ ಬಂದ ಅಳಿಯ. ದತ್ತು ವಾರಸುದಾರರು ನಡೆಸಿದ ಕಂಪನಿಗಳು ರಕ್ತಸಂಬಂಧಿಗಳು ನಡೆಸಿದವಕ್ಕಿಂತ ಚೆನ್ನಾಗಿ ನಡೆದಿವೆ ಅಂತ 2013ರ ಒಂದು ಅಧ್ಯಯನ ತೋರಿಸಿದೆ.

ಆದ್ದರಿಂದ 13ಕ್ಕೆ ಹೆದರಿ ಮಾರಬೇಡಿ. ಒಳ್ಳೆ ಬೆಲೆ ಬಂದು, ನಿಮ್ಮಿಬ್ಬರಿಗೂ ಆಸಕ್ತಿ ಇಲ್ಲ ಅಂದರೆ ಮಾರಿ, ಅದರಲ್ಲಿ ಸೋಲೇನೂ ಇಲ್ಲ. ಚಿಕ್ಕಪ್ಪನವರು ಮಾತಾಡುತ್ತಿರುವುದು ಪಾಲುದಾರರಾಗಿ, ಅವರಿಗೆ ದುಡ್ಡು ಬೇಕು, ತಪ್ಪಿಲ್ಲ. ಒಬ್ಬ ಆಡಿಟರ್‌ರನ್ನು ಕೂರಿಸಿ ಅವರ ಪಾಲಿನ ಬೆಲೆ ಕಟ್ಟಿಸಿ, ಕಂತಿನಲ್ಲಾದರೂ ಕೊಡುತ್ತೇವೆ ಅಂತ ಬರೆದುಕೊಡಿ. ಆಮೇಲೆ ಇನ್ನೊಂದು ಮಾತು, ಬೇಜಾರಾಗಬೇಡಿ: ಲೆಕ್ಕ, ವಸೂಲಿ ಎಲ್ಲಾ ಅಕ್ಕನೇ ನೋಡುತ್ತಿರುವಾಗ ಗಲ್ಲಾದಲ್ಲಿ ನೀವೇ ಯಾಕೆ ಕೂರಬೇಕು?